ನೌಕಾ ಇನ್ವರ್ಟರ್ ಮೀಮಾಂಸೆ: ಕೋಲಾರ ಸೀಮೆಗೆ ಅನ್ವಯಿಸಿ

ಪೂರ್ವಪಕ್ಷ: ಕೋಲಾರ ಸೀಮೆಯಲ್ಲಿ ತುಂಬಿ ಹರಿಯುವ ಹೊಳೆಯಿಲ್ಲ, ಸಾವಿರ ಅಡಿ ಕೊರೆಸಿದ ಬೋರ್‌ವೆಲ್ಲಿನಲ್ಲೂ ಕೆಲವೊಮ್ಮೆ ಬರುವುದು ಧೂಳೇ. ಇಂಥ ಕಡೆ ದೋಣಿಗೆ ಇನ್ವರ್ಟರ್ ಕೂರಿಸುವ ಶಾಸ್ತ್ರ ಬರೆಯುವುದೆಂದರೆ ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದಂತೆ.

ಉತ್ತರಪಕ್ಷ: ಆಕ್ಷೇಪಿಸಿದ ಪಂಡಿತರು 2018ರಿಂದೀಚೆಗೆ ಕೆರೆ ಏರಿ ಹತ್ತಿದಂತಿಲ್ಲ. ಆ ವರ್ಷ ಕೆ.ಸಿ. ವ್ಯಾಲಿ ಯೋಜನೆಯ ನೀರು ಮೊದಲು ಲಕ್ಷ್ಮೀಸಾಗರ ಕೆರೆಗೆ ಬಿತ್ತು. ಬೆಂಗಳೂರು ಮಿಂದು, ತೊಳೆದು, ಚೆಲ್ಲಿದ್ದನ್ನು ಎರಡು ಹಂತ ಶುದ್ಧಿ ಮಾಡಿ ಅಂತರ್ಜಲಕ್ಕೆಂದು ಕಳಿಸಿದ ನೀರು ಅದು. ಬೆಂಗಳೂರು ಮೀಯುವುದು ಬಹುಪಾಲು ಕಾವೇರಿಯಲ್ಲಿ. ಅಲ್ಲಿಗೆ ಇದು ಕಾವೇರಿಯ ಎರಡನೆಯ ಬರವು. ಮೊದಲನೆಯದು 1902ರಲ್ಲಿ: ಶಿವನಸಮುದ್ರದಿಂದ ಸುಮಾರು 147 ಕಿ.ಮೀ. ತಂತಿಯ ಮೇಲೆ ಕರೆಂಟಾಗಿ ಕೋಲಾರದ ಚಿನ್ನದ ಗಣಿಗೆ ಬಂದಿದ್ದಳು. ಬೆಂಗಳೂರಿನ ಬೀದಿದೀಪ ಹೊತ್ತಿದ್ದು ಅದಾದ ಮೇಲೆ, 1905ರಲ್ಲಿ. ಮೊದಲು ಕರೆಂಟು, ಶತಮಾನ ಕಳೆದ ಮೇಲೆ ಕೊಳೆನೀರು. ಇವೆರಡರ ಸಂಗಮಕ್ಷೇತ್ರ ಇನ್ವರ್ಟರ್ ಹೊತ್ತ ದೋಣಿಯಲ್ಲದೆ ಬೇರಾವುದು?

ಲಕ್ಷಣ: ಹನ್ನೆರಡು ವೋಲ್ಟನ್ನು ಇನ್ನೂರ ಮೂವತ್ತು ಮಾಡುವುದೇ ಇನ್ವರ್ಟರ್. ಇಷ್ಟು ವೇಗದ ವೃದ್ಧಿ ಹಿಂದೆ ಮೀಟರ್ ಬಡ್ಡಿಯಲ್ಲಿ ಮಾತ್ರ ಕಂಡಿತ್ತು. ಆದರೆ ಇಲ್ಲಿ ಸಾಲ ತೀರಿಸುವುದು ಬ್ಯಾಟರಿ. 500 ವ್ಯಾಟಿನ ಮಿಕ್ಸಿ ತಿರುಗಿದರೆ ಅದರಿಂದ ಸುಮಾರು 50 ಆಂಪಿಯರ್ ಎಳೆಯುತ್ತದೆ. ಆದ್ದರಿಂದ ವೈರು ದಪ್ಪವಿರಬೇಕು, ಗಿಡ್ಡವಿರಬೇಕು. ಫ್ಯೂಸು ಬ್ಯಾಟರಿಯ ಮಗ್ಗುಲಲ್ಲೇ ಇರಬೇಕು. ಚಾರ್ಜಾಗುವಾಗ ಬ್ಯಾಟರಿ ಹೈಡ್ರೋಜನ್ ಬಿಡುವುದರಿಂದ ಪೆಟ್ಟಿಗೆಗೆ ಗಾಳಿಕಿಂಡಿ ಬೇಕು, ಪಕ್ಕದಲ್ಲಿ ಬೀಡಿ ಬೇಡ. ಬ್ಯಾಟರಿ ಒಬ್ಬ ಆಳಿನಷ್ಟು ತೂಗುವ ಕಾರಣ ಅದನ್ನು ಹರಿಗೋಲಿನ ನಡುಮಧ್ಯೆ ಬಿಗಿದು ಕಟ್ಟತಕ್ಕದ್ದು. ಅದಕ್ಕೆ ಈಜು ಬಾರದು.

ವಿನಿಯೋಗ: ತಾಲ್ಲೂಕಿಗೊಂದು ಯಂತ್ರ. ಮುಳಬಾಗಿಲಿನವರಿಗೆ ದೋಸೆ ಹಿಟ್ಟಿನ ಗ್ರೈಂಡರ್, ಶ್ರೀನಿವಾಸಪುರದವರಿಗೆ ಮಾವಿನ ರಸಕ್ಕೆ ಮಿಕ್ಸಿ, ಮಾಲೂರಿನವರು ದೋಣಿಗೂ ಹೆಂಚು ಹೊದಿಸುವುದರಿಂದ ಕೆಳಗೊಂದು ಫ್ಯಾನು. 150 ಆಂಪಿಯರ್-ಅವರ್ ಬ್ಯಾಟರಿಯನ್ನು ಅರ್ಧದಷ್ಟೇ ಬಳಸಿದರೆ 150 ವ್ಯಾಟಿನ ಗ್ರೈಂಡರ್ ನಾಲ್ಕೈದು ಗಂಟೆ ತಿರುಗೀತು. ಅಷ್ಟರಲ್ಲಿ ಹಿಟ್ಟು ಹುದುಗುವ ಮಾತು ಬೇರೆ. ಕೋಲಾರದವರು ಮಾತ್ರ ಬೋರ್‌ವೆಲ್ ಮೋಟರು ಓಡಿಸಬೇಕೆಂದು ಹಟ ಹಿಡಿದರು. ತ್ರೀ-ಫೇಸ್ ಮೋಟರನ್ನು ಈ ಪುಟ್ಟ ಇನ್ವರ್ಟರ್ ಹೊರದು. ಅಲ್ಲದೆ, ನೀರಿನ ಮೇಲೆ ಕೂತು ನೀರಿಗಾಗಿ ಕೊರೆಯುವುದು ಶಾಸ್ತ್ರಸಮ್ಮತವಲ್ಲ; ರೂಢಿಯಲ್ಲಿದೆ, ಅಷ್ಟೇ.

ಪ್ರಯೋಗ: ಪ್ರಬಂಧಕಾರನು ಬ್ಯಾಟರಿ ಅಂಗಡಿಗೆ ಹೋಗಿ, ನೀರು ಕಡಿಮೆಯಾದರೆ ದೋಣಿಯಿಂದ ಬಗ್ಗಿ ಒಂದು ಚೊಂಬು ಮೊಗೆದು ಹಾಕಬಹುದೇ ಎಂದು ಕೇಳಿದನು. ಅಂಗಡಿಯಾತ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟ. “ಅಯ್ಯೋ ಬ್ಯಾಡ ಸಾರ್! ಡಿಸ್ಟಿಲ್ಡ್ ವಾಟರೇ ಹಾಕ್ಬೇಕು. ಕೆರೆ ನೀರು ಬಿದ್ರೆ ಪ್ಲೇಟು ಹಾಳಾಯ್ತದೆ.”

ಸಿದ್ಧಾಂತ: ಜಿಲ್ಲೆಯಲ್ಲಿ ಎರಡು ಹಂತದ ಶುದ್ಧಿ ಸಾಲದೆಂದು ಹೇಳಿ ಗೆದ್ದಿರುವುದು ಬ್ಯಾಟರಿಯೊಂದೇ. ಮೂರನೇ ಹಂತದ ಶುದ್ಧೀಕರಣ ಬೇಕೆಂದು ಜನ ಕೇಳುತ್ತಲೇ ಇದ್ದಾರೆ. ಪ್ಲೇಟಿಗೆ ಸಲ್ಲುವ ಮರ್ಯಾದೆ ಹೊಟ್ಟೆಗೂ ಸಲ್ಲಲಿ ಎಂಬ ಅರಿಕೆಯೊಂದಿಗೆ ಈ ಶಾಸ್ತ್ರ ಮುಗಿಯಿತು.