ಶನಿವಾರ ಎಲ್ಲಿಗೆ ಹೋಯ್ತು?

ದಂಡಿಗನಹಳ್ಳಿಯಲ್ಲಿ ಸೊಗಡವರೆಯ ಕಾಲ. ಬೇಲಿಯಾಚೆ ಅಜ್ಜಿ ಮೊರದ ತುಂಬ ಕಾಯಿ ಹರವಿಕೊಂಡು ಸುಲಿಯುತ್ತಿದ್ದರು. ಸ್ಯಾನ್ ಫ್ರಾನ್ಸಿಸ್ಕೊದಲ್ಲಿರುವ ಮೊಮ್ಮಗ ಬರುವ ವಾರ.

“ಅಲ್ಲ ಕಣಪ್ಪ, ಶುಕ್ರವಾರ ರಾತ್ರಿ ಎಂಟೂವರೆಗೆ ಹೊರಡ್ತೀನಿ, ಭಾನುವಾರ ಬೆಳಗಿನ ಜಾವ ಇಳೀತೀನಿ ಅಂತಾನೆ. ಎಷ್ಟು ಗಂಟೆ ದಾರಿ ಅದು?”

“ಹದಿನೇಳು ಗಂಟೆ ಅಜ್ಜಿ, ನೇರ ವಿಮಾನ.”

“ಹಂಗಾದ್ರೆ ಶನಿವಾರ ಮಧ್ಯಾಹ್ನ ಒಂದೂವರೆಗೆ ಇಳೀಬೇಕಲ್ಲ. ನಂಗೆ ಲೆಕ್ಕ ಬರಲ್ಲ ಅಂದ್ಕೊಂಡ್ಯಾ?”

ಅವರ ಲೆಕ್ಕ ಸರಿಯೇ, ಗಡಿಯಾರ ಮಾತ್ರ ಅಲ್ಲಿಯದು. ಚಳಿಗಾಲದಲ್ಲಿ ನಾವು ಸ್ಯಾನ್ ಫ್ರಾನ್ಸಿಸ್ಕೊದವರಿಗಿಂತ 13 ಗಂಟೆ 30 ನಿಮಿಷ ಮುಂದೆ. ಅವರ ಶನಿವಾರ ಮಧ್ಯಾಹ್ನ ಒಂದೂವರೆಗೆ ನಮ್ಮಲ್ಲಿ ಭಾನುವಾರ ಬೆಳಗಿನ ಜಾವ ಮೂರು. ಏರ್ ಇಂಡಿಯಾ ಈ ದಾರಿಯಲ್ಲಿ ಬಿಟ್ಟ ಮೊದಲ ವಿಮಾನವೂ ಹೀಗೆಯೇ: 2021ರ ಜನವರಿ 9ರ ರಾತ್ರಿ ಅಲ್ಲಿ ಎದ್ದದ್ದು ಬೆಂಗಳೂರಲ್ಲಿ ಇಳಿದದ್ದು 11ರ ನಸುಕಿನಲ್ಲಿ. ಓಡಿಸಿದವರು ಕ್ಯಾಪ್ಟನ್ ಜೋಯಾ ಅಗರ್ವಾಲ್, ಜೊತೆಯ ಪೈಲಟ್‌ಗಳೂ ಹೆಂಗಸರೇ. ಉತ್ತರ ಧ್ರುವದ ಮೇಲೆ ಹಾದು ಬಂದರು ಎಂದೆ.

“ಅಮೆರಿಕ ಪಡುವಲಕ್ಕಲ್ವಾ? ಬಡಗಲಿಗ್ಯಾಕೆ ಹೋದರು, ಸುತ್ತು ಬಳಸಿ?”

ಗೋಡೆಗೆ ನೇತುಹಾಕುವ ನಕ್ಷೆ ಮಾಡಿದ ಮೋಸ ಇದು. ಜಗಲಿಯ ಮೇಲಿದ್ದ ತೆಂಗಿನಕಾಯಿ ಎತ್ತಿಕೊಂಡೆ. ಜುಟ್ಟು ಉತ್ತರ ಧ್ರುವ, ಹೊಟ್ಟೆ ಸಮಭಾಜಕ. ಈ ಪಕ್ಕ ಬೆಂಗಳೂರು, ಹೆಚ್ಚುಕಡಿಮೆ ಬೆನ್ನ ಕಡೆ ಸ್ಯಾನ್ ಫ್ರಾನ್ಸಿಸ್ಕೊ. ಹೂ ಕಟ್ಟುವ ದಾರ ಹಿಡಿದು ಬಿಗಿ ಎಳೆದರೆ ಅದು ಹೊಟ್ಟೆ ಬಿಟ್ಟು ಜುಟ್ಟಿನ ಹತ್ತಿರಕ್ಕೇ ಜಾರುತ್ತದೆ. ಆ ದಾರದ ಉದ್ದ ಸುಮಾರು 14,000 ಕಿಲೋಮೀಟರು. ನೆಟ್ಟಗೆ ಜುಟ್ಟಿನ ಮೇಲೇ ಹೋದರೂ ಹೆಚ್ಚಾಗುವುದು ಸುಮಾರು ನಾನೂರು. ಗಾಳಿ ಬೆನ್ನಿಗಿದ್ದರೆ ಆ ನಾನೂರು ಲೆಕ್ಕಕ್ಕೇ ಇಲ್ಲ.

ಅಜ್ಜಿ ತಾವೇ ದಾರ ಎಳೆದು ನೋಡಿದರು. “ಹೌದಲ್ಲ ಕಣೋ! ಗೊರೂರಿನ ಗೋಪಿನಾಥ್ ಒಂದು ರೂಪಾಯಿಗೆ ವಿಮಾನ ಹತ್ತಿಸ್ತೀನಿ ಅಂದಾಗಲೇ ಹತ್ತಿದ್ರೆ ಇವೆಲ್ಲ ಆಗಲೇ ತಿಳ್ಕೋತಿದ್ದೆ.” (ಅವರ ವಿಮಾನ ಸಂಸ್ಥೆ ಏರ್ ಡೆಕ್ಕನ್ ಶುರುವಾದದ್ದು 2003ರಲ್ಲಿ; ಒಂದು ರೂಪಾಯಿ ಟಿಕೆಟ್ ನಮ್ಮೂರಲ್ಲಿ ಯಾರಿಗೂ ಸಿಕ್ಕಿದ್ದು ನಾನು ಕಾಣೆ.)

“ಹೋಗೋವಾಗ ಇನ್ನೂ ಮಜ ಅಜ್ಜಿ. ಮಧ್ಯಾಹ್ನ ಎರಡಕ್ಕೆ ಬೆಂಗಳೂರು ಬಿಟ್ಟರೆ ಅದೇ ದಿನ ಸಂಜೆ ಐದೂವರೆಗೆ ಅಲ್ಲಿ.”

“ಮೂರೂವರೆ ಗಂಟೆಗೆ ಅಮೆರಿಕಾನಾ? ಚನ್ನರಾಯಪಟ್ಟಣದಿಂದ ಬೆಂಗಳೂರಿಗೆ ಬಸ್ಸಿಗೇ ಅಷ್ಟು ಹೊತ್ತಾಗುತ್ತಲ್ಲೋ!”

ನಿಜ. ಮೂರಕ್ಕೆ ಇಳಿದವನು ಸಾಮಾನು ಬರುವುದನ್ನು ಕಾದು, ದೇವನಹಳ್ಳಿಯಿಂದ ನೆಲಮಂಗಲ, ಕುಣಿಗಲ್, ಬೆಳ್ಳೂರು ಕ್ರಾಸ್, ಹಿರೀಸಾವೆ ದಾಟಿ ಮನೆ ಸೇರುವ ಹೊತ್ತಿಗೆ ಬಿಸಿಲು ಏರಿರುತ್ತದೆ. ಗಂಟೆಗೆ ಎಂಟುನೂರು ಕಿಲೋಮೀಟರು ಹಾರಿ ಬಂದವನಿಗೆ ಕೊನೆಯ ನೂರೆಂಬತ್ತೇ ಬೇಜಾರು.

ಅಜ್ಜಿಯ ತಲೆಯಲ್ಲಿ ಬೇರೆ ಚಿಂತೆ. “ಶನಿವಾರ ಒಪ್ಪೊತ್ತು ಬಿಡಬೇಡ ಅಂತ ಹೇಳಿ ಕಳಿಸಿದ್ದೆ. ವಿಮಾನದಲ್ಲಿ ಯಾವುದು ಶನಿವಾರ, ಎಲ್ಲಿಂದ ಎಲ್ಲೀವರೆಗೆ?”

ನನ್ನ ಹತ್ತಿರ ಉತ್ತರವಿರಲಿಲ್ಲ. ದಾರ ಸುತ್ತತೊಡಗಿದೆ.

“ಹೋಗ್ಲಿ ಬಿಡು. ಭಾನುವಾರ ಅಂತೂ ಇಲ್ಲೇ ಇರ್ತಾನೆ, ಕೋಳಿ ಕುಯ್ಯಿಸ್ತೀನಿ. ಆ ಕಾಯಿ ಕೊಡೀಗ, ಅವರೆಕಾಳು ಸಾರಿಗೆ ಬೇಕು.”

ಮಚ್ಚಿನ ಹಿಂಬದಿಯಿಂದ ಒಂದೇ ಏಟು. ಅಮೆರಿಕ ಒಂದು ಹೋಳು, ನಾವು ಇನ್ನೊಂದು.