ಗ್ಲುಟೆನ್ ಅನ್ನಾಂವ ಯಾರ ಪೈಕಿ?

ಸಭೆ ಕೂಡಿದ್ದು ರವಿವಾರ ಸಂಜೆ, ಹುಬ್ಬಳ್ಳಿ ವಿದ್ಯಾನಗರದ ನಮ್ಮ ಮನೆಯ ಪಡಸಾಲೆಯಲ್ಲಿ. ವಿಷಯ ಒಂದೇ: ನಾಲ್ಕು ವರ್ಷದ ನಮ್ಮ ಮೊಮ್ಮಗನಿಗೆ ಗೋಧಿ ಬಿಡಿಸಬೇಕೋ ಬೇಡವೋ. ಹಾಜರಿದ್ದವರು ಹನ್ನೊಂದು ಮಂದಿ. ಬೀಗರು ಧಾರವಾಡದ ಸಪ್ತಾಪುರದಿಂದ ಅರ್ಧ ಕಿಲೋ ಪೇಢೆ ಹಿಡಿದುಕೊಂಡು ಚಿಗರಿ ಬಸ್ಸಿಗೆ ಬಂದಿದ್ದರು. ಪುಣೆಯಲ್ಲಿರುವ ನನ್ನ ತಮ್ಮ ಮೊಬೈಲಿನೊಳಗಿಂದ ಹಾಜರಿ ಹಾಕಿದ. ಬರದಿದ್ದವರು ಇಬ್ಬರು. ಒಬ್ಬರು ಡಾಕ್ಟರು, ಅವರನ್ನು ಯಾರೂ ಕರೆದಿರಲಿಲ್ಲ. ಇನ್ನೊಬ್ಬ ಆ ಹುಡುಗನೇ. ಅವನು ಅಡಿಗೆಮನೆಯಲ್ಲಿ ಕೂತು ಹಾಲಿಗೆ ಬಿಸ್ಕೀಟು ಅದ್ದುತ್ತಿದ್ದ. ಆ ದಿನದ ಮೂರನೇ ಲೋಟ.

ಹುಡುಗನಿಗೆ ಮೈ ಹತ್ತುತ್ತಿಲ್ಲ, ಆಗಾಗ ಹೊಟ್ಟೆ ನೋಯುತ್ತದೆ, ಶಾಲೆಯಿಂದ ಬಂದವನೇ ಸೋತು ಮಲಗುತ್ತಾನೆ. ಇಷ್ಟೂ ನಿಜ. ಇದೆಲ್ಲ ಗ್ಲುಟೆನ್ನಿನ ಕೆಲಸ ಎಂಬ ತೀರ್ಪು ಮಾತ್ರ ಸೊಸೆಯ ಗೆಳತಿಯೊಬ್ಬರದು. ಅವರ ಮಗನಿಗೆ ಗೋಧಿ ಬಿಡಿಸಿದ ಎಂಟು ದಿನಕ್ಕೆ ಹೊಟ್ಟೆನೋವು ನಿಂತಿತಂತೆ, ಕೆಮ್ಮು ನಿಂತಿತಂತೆ, ಇಂಗ್ಲಿಷ್ ರೈಮ್ಸ್ ಕೂಡ ಬೇಗ ಬಾಯಿಗೆ ಬಂದವಂತೆ.

ಮೂಲೆಯ ಕಾಟಿನ ಮೇಲೆ ಕೂತಿದ್ದ ನಮ್ಮವ್ವನಿಗೆ ಎಂಬತ್ತಾರು ವರ್ಷ. ಅರ್ಧ ತಾಸು ಎಲ್ಲರ ಮಾತು ಕೇಳಿ ಒಂದೇ ಪ್ರಶ್ನೆ ಹಾಕಿದಳು: “ತಮ್ಮಾ, ಈ ಗ್ಲುಟೆನ್ ಅನ್ನಾಂವ ಯಾರ ಪೈಕಿ?”

ಪಡಸಾಲೆ ಗಪ್‌ಚುಪ್ಪಾಯಿತು. ಹನ್ನೊಂದು ಮಂದಿಯೂ ಅವನನ್ನು ಮನೆಯಿಂದ ಹೊರಗೆ ಹಾಕಲು ತಯಾರಾಗಿದ್ದರು. ಅವನ ಗುರುತು ಮಾತ್ರ ಯಾರಿಗೂ ಇರಲಿಲ್ಲ. ಕಡೆಗೆ ನಾನೇ ಹೇಳಿದೆ: “ಗೋಧಿ ಪೈಕಿ, ಯವ್ವಾ. ಬಾರ್ಲಿ, ರೈ ಮನಿತನದಾಗೂ ಇರ್ತಾನ. ಹೋಳಿಗಿ ಕಣಕ ನಾದಿದಾಗ ಹರೀಲಾರದ ಹಂಗ ಎಳೀತೈತಲ್ಲ, ಆ ಜಿಗಿನ ಅಂವ.”

“ಹಂಗಾರ ಜ್ವಾಳದಾಗ ಇಲ್ಲ.”

“ಇಲ್ಲ.”

“ಗೊತ್ತೈತಿ. ಅದಕ್ಕ ಅಲ್ಲೇನು ರೊಟ್ಟಿಗೆ ಎಸರಿಡೂದು?”

ಗ್ಲುಟೆನ್ ಇಲ್ಲದ ಹಿಟ್ಟು ತಣ್ಣೀರಿನಲ್ಲಿ ಕಟ್ಟಿಕೊಳ್ಳುವುದಿಲ್ಲ. ಕುದಿಯುವ ನೀರು ಬಿದ್ದು ಪಿಷ್ಟ ಬೆಂದು ಅಂಟಾದರೆ ಮಾತ್ರ ರೊಟ್ಟಿ ಬಡಿಯಲು ಬರುತ್ತದೆ. ಈ ವಿದ್ಯೆಗೆ ಬೇರೆ ಊರಲ್ಲಿ ಪದವಿ ಕೊಡುತ್ತಾರೆ. ನಮ್ಮವ್ವ ಅದನ್ನು ಎಪ್ಪತ್ತು ವರ್ಷದಿಂದ ಒಲೆಯ ಮುಂದೆ ಕೂತು ಪಾಠ ಮಾಡುತ್ತಿದ್ದಾಳೆ. ವಿಜಯಪುರದ ಎರಿ ಹೊಲದ ಬಿಳಿಜೋಳ, ಮಾಲದಂಡಿ, ಸಜ್ಜಿ, ನವಣಿ ತಿಂದು ಬೆಳೆದ ಈ ಸೀಮೆಯ ಮಂದಿ ತಾವು ಗ್ಲುಟೆನ್ ಫ್ರೀ ಎಂದು ಗೊತ್ತಿಲ್ಲದೆಯೇ ಮಣ್ಣಾಗಿ ಹೋದರು. ಗೊತ್ತಿದ್ದರೆ ರೊಟ್ಟಿಯ ಬುಟ್ಟಿಗೆ ಒಂದು ಲೇಬಲ್ಲಾದರೂ ಹಚ್ಚುತ್ತಿದ್ದರು.

ಲೇಬಲ್ ಅಂದಮೇಲೆ ನೆನಪಾಯಿತು. ಸೊಸೆ ಸಭೆಯ ಮುಂದೆ ಎರಡು ಪಾಕೀಟು ತಂದಿಟ್ಟಳು. ಮೊದಲನೆಯದರ ಮೇಲೆ ‘ಸೋರ್ಘಮ್ ಫ್ಲೋರ್, ಗ್ಲುಟೆನ್ ಫ್ರೀ’ ಎಂದಿತ್ತು. ನಮ್ಮವ್ವ ಚಿಟಿಕೆ ತೆಗೆದು ಬಾಯಿಗೆ ಹಾಕಿಕೊಂಡು, “ಹಳೇ ಜ್ವಾಳದ ಹಿಟ್ಟು, ಜಿಗಿ ಹೋಗೇತಿ” ಎಂದಳು. ಅದು ಅಮರಗೋಳದ ಎಪಿಎಂಸಿಯಲ್ಲಿ ಚೀಲಗಟ್ಟಲೆ ಸಿಗುವ ಮಾಲು. ಪಾಕೀಟಿನೊಳಗೆ ಕೂತಕೂಡಲೇ ಹೆಸರು ಬದಲಿಸಿ ಹಲವು ಪಟ್ಟು ದರ ಏರಿಸಿಕೊಂಡಿತ್ತು.

ಎರಡನೆಯದು ಖಪ್ಲಿ ಗೋಧಿ. ಇದರ ಮೇಲೆ ಬೀಗರಿಗೆ ಅಭಿಮಾನ ಜಾಸ್ತಿ. ಹುಗ್ಗಿಗೆ, ರವೆಗೆ ನಾವು ಬಳಸುತ್ತ ಬಂದ ಸದಕ ಗೋಧಿಯೇ ಇದು; ಡಿಡಿಕೆ 1025, ಡಿಡಿಕೆ 1029 ಎಂಬ ಗಿಡ್ಡ ತಳಿಗಳನ್ನು ಧಾರವಾಡದ ಕೃಷಿ ವಿಶ್ವವಿದ್ಯಾಲಯವೇ ಕೊಟ್ಟಿದೆ. “ಹಳೇ ಕಾಲದ ಗೋಧಿ ಇದು, ಇದರಾಗ ಗ್ಲುಟೆನ್ ಇರೂದುಲ್ರಿ” ಎಂದರು ಬೀಗರು. ಹಳೆಯದು ಅಂದಕೂಡಲೇ ಪಾಪ ಪರಿಹಾರವಾಗುತ್ತದೆಂಬ ನಂಬಿಕೆ ನಮ್ಮಲ್ಲಿ ಗಟ್ಟಿ. ಖಪ್ಲಿ ರುಚಿ, ಒಪ್ಪಿದೆ. ಆದರೆ ಅದು ಗೋಧಿ, ಅದರಲ್ಲಿ ಗ್ಲುಟೆನ್ ಇದೆ. ಗ್ಲುಟೆನ್ ತಿಂದರೆ ಸಣ್ಣ ಕರುಳು ಕೆಡುವ ಸಿಲಿಯಾಕ್ ಕಾಯಿಲೆ ನಿಜವಾಗಿ ಇರುವ ಮಗುವಿಗೆ ಅದರ ಒಂದು ಚಮಚ ಹುಗ್ಗಿಯೂ ನಡೆಯದು. ಬೀಗರ ಮುಂದೆ ಇದನ್ನೆಲ್ಲ ಹೇಳಲಾಗದೆ ನಾನು ಒಂದು ಪೇಢೆ ಬಾಯಿಗೆ ಹಾಕಿಕೊಂಡೆ. ಹಾಲು, ಸಕ್ಕರೆ ಬಿಟ್ಟರೆ ಅದರಲ್ಲೇನೂ ಇಲ್ಲ. ಆ ಸಭೆಯಲ್ಲಿ ನಿರ್ದೋಷಿಯೆಂದು ಎದ್ದುಹೋಗಬಹುದಾಗಿದ್ದದ್ದು ಅದೊಂದೇ.

ಬೀಗ್ತಿಯವರದು ಬೇರೆ ಸೂಚನೆ: “ನಲವತ್ತ ದಿನ ಬರೇ ಬಾಳೆಹಣ್ಣ ಕೊಡ್ರಿ.” ಅವರು ತಮಗೇ ಗೊತ್ತಿಲ್ಲದೆ ಅಮೆರಿಕಕ್ಕೆ ಹೋಗಿ ಬಂದಿದ್ದರು. 1924ರಲ್ಲಿ ಅಲ್ಲಿಯ ಸಿಡ್ನಿ ಹಾಸ್ ಎಂಬ ಮಕ್ಕಳ ವೈದ್ಯ ಸಿಲಿಯಾಕ್ ಮಕ್ಕಳಿಗೆ ಬಾಳೆಹಣ್ಣಿನ ಪಥ್ಯ ಹಚ್ಚಿದ. ಸಾಯುವಂತಿದ್ದ ಕೂಸುಗಳು ಚೇತರಿಸಿಕೊಂಡವು. ಪಥ್ಯದಲ್ಲಿ ಗೋಧಿ ಇಲ್ಲದ್ದಕ್ಕೆ ಗುಣವಾದದ್ದು, ಹೆಸರು ಬಂದದ್ದು ಬಾಳೆಹಣ್ಣಿಗೆ. ಹುಷಾರಾದರೆಂದು ಮಕ್ಕಳಿಗೆ ಮತ್ತೆ ಬ್ರೆಡ್ಡು ತಿನ್ನಿಸಿದರು. ಗೋಧಿಯನ್ನು ಹಿಡಿದದ್ದು ಡಚ್ ವೈದ್ಯ ವಿಲ್ಲೆಮ್ ಡಿಕ್. 1944-45ರ ಚಳಿಗಾಲದಲ್ಲಿ ಹಾಲೆಂಡಿಗೆ ಅನ್ನ-ಬ್ರೆಡ್ಡಿಲ್ಲದ ಬರ ಬಂತು. ಊರೆಲ್ಲ ಸೊರಗಿದಾಗ ಅವನ ಆಸ್ಪತ್ರೆಯ ಸಿಲಿಯಾಕ್ ಮಕ್ಕಳು ಮಾತ್ರ ಸುಧಾರಿಸಿದರು, ಬ್ರೆಡ್ಡು ಮರಳಿ ಬಂದಾಗ ಮತ್ತೆ ಬಿದ್ದರು. 1950ರಲ್ಲಿ ಅವನು ಇದನ್ನು ಪ್ರಬಂಧವಾಗಿ ಬರೆದ. ಒಬ್ಬ ವೈದ್ಯನಿಗೆ ವರ್ಷಗಳು ಹಿಡಿದ, ಒಂದು ಯುದ್ಧವೂ ಬೇಕಾದ ತೀರ್ಮಾನಕ್ಕೆ ನಮ್ಮ ಮನೆಯವರು ಎರಡು ಸುತ್ತು ಚಹಾದಲ್ಲಿ ಬಂದು ಮುಟ್ಟಿದರು. ನಾಳೆಯಿಂದ ಗೋಧಿ ಬಂದ್. ಠರಾವು ಪಾಸಾಯಿತು.

ಬಂದ್ ಹತ್ತು ದಿನ ನಡೆಯಿತು. ಹುಬ್ಬಳ್ಳಿಯ ಬಂದ್‌ಗಳನ್ನು ನೋಡಿದವರಿಗೆ ಇದರ ನಮೂನೆ ಗೊತ್ತಾಗುತ್ತದೆ: ಮುಂದಿನ ಬಾಗಿಲಿಗೆ ಶಟರ್, ಹಿಂದಿನ ಬಾಗಿಲಲ್ಲಿ ವ್ಯಾಪಾರ. ಚಪಾತಿ ನಿಂತಿತು. ಮುಂಜಾನೆ ಉಪ್ಪಿಟ್ಟು ಮಾತ್ರ ಆಗುತ್ತಿತ್ತು, ಯಾಕೆಂದರೆ ‘ಅದು ರವಾ’. ಶ್ಯಾವಿಗೆ ಪಾಯಸ ಆಯಿತು, ‘ಅದು ಶ್ಯಾವಿಗಿ’. ದುರ್ಗದ ಬೈಲಿನಲ್ಲಿ ಹುಡುಗ ಹಟ ಹಿಡಿದದ್ದಕ್ಕೆ ಗೋಬಿ ಮಂಚೂರಿ ಕೊಡಿಸಲಾಯಿತು, ‘ಅದು ಹೂಕೋಸು’. ಬಿಸ್ಕೀಟಂತೂ ಒಂದು ದಿನವೂ ತಪ್ಪಲಿಲ್ಲ, ‘ಅದರಾಗ ಎಲ್ಲಿ ಗೋಧಿ ಐತ್ರಿ, ಅದು ಮೈದಾ!’ ಗೋಧಿ ತನ್ನ ಸ್ವಂತ ಹೆಸರಿನಲ್ಲಿ ಬಂದರೆ ಮಾತ್ರ ನಮ್ಮ ಮನೆಯ ಬಾಗಿಲು ಹಾಕಿರುತ್ತಿತ್ತು. ಸಾರಿನ ಒಗ್ಗರಣೆಗೆ ಇಂಗು ಬೀಳುತ್ತಲೇ ಇತ್ತು. ಆ ಡಬ್ಬಿಯ ಬೆನ್ನ ಮೇಲಿನ ಸಣ್ಣ ಅಕ್ಷರ ಓದಿದರೆ ಅಲ್ಲಿಯೂ ಗೋಧಿ ಹಿಟ್ಟು ಅಥವಾ ಮೈದಾ ಸಿಗುತ್ತದೆ. ಅಚ್ಚ ಇಂಗು ಕಟುವಾಗಿರುತ್ತದೆಂದು ಅದಕ್ಕೆ ಹಿಟ್ಟು ಬೆರೆಸಿಯೇ ಮಾರುತ್ತಾರೆ.

ಈ ನಡುವೆ ರಕ್ತದ ಒಂದು ಹನಿಯಲ್ಲಿ 200 ಆಹಾರಗಳ ಜಾತಕ ತೆಗೆಯುವವರೂ ಮನೆಗೆ ಬಂದು ಹೋದರು. ಬಣ್ಣದ ಪಟ್ಟಿ ಬಂತು. ಗೋಧಿ ಕೆಂಪು, ಹಾಲು ಕೆಂಪು, ಶೇಂಗಾ ಕೆಂಪು, ಬದನೆಕಾಯಿಯೂ ಕೆಂಪು. ಶೇಂಗಾ ಹಿಂಡಿ, ಎಣ್ಣೆಗಾಯಿ ಎರಡನ್ನೂ ಬಿಟ್ಟು ಮಗುವೊಂದನ್ನು ಬೆಳೆಸುವುದಾದರೆ ಧಾರವಾಡ ಜಿಲ್ಲೆಯಿಂದ ಬೇರೆ ಜಿಲ್ಲೆಗೆ ಗುಳೆ ಹೋಗಬೇಕು. ಈ ಪರೀಕ್ಷೆ ಎಣಿಸುವುದು ಐಜಿಜಿ ಎಂಬ ಪ್ರತಿಕಾಯವನ್ನು. ಮಗು ಯಾವುದನ್ನು ಉಂಡಿದೆಯೋ ಅದರ ಗುರುತು ಅದು, ಯಾವುದು ಆಗಿಬರುವುದಿಲ್ಲ ಎಂಬುದರ ಗುರುತಲ್ಲ. ಅಲರ್ಜಿ ತಜ್ಞರ ಸಂಘಗಳು ಇದನ್ನು ಮಾಡಿಸಬೇಡಿ ಎಂದು ಎಂದೋ ಹೇಳಿವೆ. ಆರು ಸಾವಿರ ರೂಪಾಯಿ ತೆತ್ತು ನಾವು ತಿಳಿದುಕೊಂಡದ್ದು ಇಷ್ಟು: ನಮ್ಮ ಹುಡುಗ ಹಾಲು ಕುಡಿಯುತ್ತಾನೆ, ಬದನೆಕಾಯಿ ತಿನ್ನುತ್ತಾನೆ.

ಹನ್ನೊಂದನೇ ದಿನ ಮಗ-ಸೊಸೆ ಮಕ್ಕಳ ಡಾಕ್ಟರ ಹತ್ತಿರ ಹೋದರು. ನಾನೂ ಹೋಗಿದ್ದೆ. ತೂಕ, ಎತ್ತರ ನೋಡಿ, ಕಣ್ಣಿನ ರೆಪ್ಪೆ ಎಳೆದು ನೋಡಿ ಡಾಕ್ಟರು ಕೇಳಿದರು: “ಗೋಧಿ ಬಿಡಿಸೀರೇನು?”

“ಹತ್ತ ದಿನ ಆತ್ರೀ ಸರ್,” ಎಂದಳು ಸೊಸೆ, ಬಹುಮಾನದ ನಿರೀಕ್ಷೆಯಲ್ಲಿ.

ಡಾಕ್ಟರ ಮುಖ ಸಣ್ಣದಾಯಿತು. ಸಿಲಿಯಾಕ್ ಇದೆಯೋ ಇಲ್ಲವೋ ನೋಡುವುದು ಟಿಟಿಜಿ-ಐಜಿಎ ಎಂಬ ರಕ್ತಪರೀಕ್ಷೆಯಿಂದ, ಜೊತೆಗೆ ಒಟ್ಟು ಐಜಿಎ ಎಷ್ಟಿದೆಯೆಂದು ನೋಡುತ್ತಾರೆ, ಬೇಕಾದರೆ ಸಣ್ಣ ಕರುಳಿನ ಚೂರು ತೆಗೆದು ಪರೀಕ್ಷಿಸುತ್ತಾರೆ. ಮಗು ಗೋಧಿ ತಿನ್ನುತ್ತಿದ್ದರೆ ಮಾತ್ರ ಇವು ನಿಜ ಹೇಳುತ್ತವೆ. ಬಿಡಿಸಿ ಆಮೇಲೆ ಪರೀಕ್ಷೆಗೆ ಹೋದರೆ ಕಳ್ಳನನ್ನು ಊರು ಬಿಡಿಸಿ, ಮನೆ ಸಾರಿಸಿ, ಗುರುತು ಅಳಿಸಿ, ಪೋಲೀಸರನ್ನು ಕರೆದ ಹಾಗೆ. ಮತ್ತೆ ವಾರಗಟ್ಟಲೆ ಗೋಧಿ ತಿನ್ನಿಸಿಯೇ ಪರೀಕ್ಷೆ ಮಾಡಬೇಕಾಗುತ್ತದೆ. ಇಷ್ಟೆಲ್ಲ ಹೇಳಿ ಡಾಕ್ಟರು, ಸುಮ್ಮನೆ ಕೇಳುವವರಂತೆ, “ಬಿಸ್ಕೀಟು?” ಎಂದರು.

“ಅದು ಕೊಡ್ತೇವ್ರಿ. ಅದು ಮೈದಾ ಅಲ್ರಿ?”

“ಉಪ್ಪಿಟ್ಟು?”

“ದಿನಾ.”

ಡಾಕ್ಟರು ನಕ್ಕರು. “ಹಂಗಾರ ನೀವು ಬಿಡಿಸೇ ಇಲ್ಲ ಬಿಡ್ರಿ. ಚಲೋ ಆತು. ಇವತ್ತ ರಕ್ತ ತಗೋಳೋಣ.” ಕುಟುಂಬದ ಅಜ್ಞಾನ ಒಂದು ಮಗುವಿನ ರೋಗನಿದಾನಕ್ಕೆ ಹೀಗೆ ನೆರವಾದದ್ದು ನಾನು ಕಂಡಂತೆ ಇದೇ ಮೊದಲು.

ವರದಿ ಬರುವ ತನಕ ಒಂದು ಮಾತು. ಸಿಲಿಯಾಕ್ ಸುಳ್ಳು ರೋಗವಲ್ಲ. 2016ರಲ್ಲಿ ಪ್ರಕಟವಾದ, ಭಾರತದ 23 ಸಾವಿರಕ್ಕೂ ಹೆಚ್ಚು ಜನರ ರಕ್ತ ನೋಡಿದ ಒಂದು ಅಧ್ಯಯನದ ಲೆಕ್ಕ ಹೀಗಿದೆ: ಉತ್ತರದಲ್ಲಿ ಶೇ 1.23, ದಕ್ಷಿಣದಲ್ಲಿ ಶೇ 0.10. ರೋಗಕ್ಕೆ ದಾರಿ ಮಾಡಿಕೊಡುವ ಜೀನು ಎರಡೂ ಕಡೆ ಹೆಚ್ಚುಕಡಿಮೆ ಸಮ, ವ್ಯತ್ಯಾಸ ತಾಟಿನಲ್ಲಿದೆ. ಅಲ್ಲಿಯವರು ದಿನಕ್ಕೆ ಸರಾಸರಿ 455 ಗ್ರಾಂ ಗೋಧಿ ತಿಂದರೆ ಇಲ್ಲಿಯವರು 25 ಗ್ರಾಂ. ನಾವು ಎರಡೂ ಸೀಮೆಯ ನಡುವೆ ಕೂತಿದ್ದೇವೆ, ನಮ್ಮ ತಾಟಿನಲ್ಲಿ ರೊಟ್ಟಿ ಸರಿದು ಚಪಾತಿ ಬರುತ್ತಿದೆ. ಹಾಗಾಗಿ ಬೆಳೆಯದ ಮಗು, ಕಬ್ಬಿಣದ ಔಷಧಕ್ಕೂ ಬಗ್ಗದ ರಕ್ತಹೀನತೆ, ಬಿಟ್ಟೂಬಿಡದ ಭೇದಿ ಇದ್ದರೆ, ಒಡಹುಟ್ಟಿದವರಿಗೆ ಈ ಕಾಯಿಲೆ ಇದ್ದರೆ, ಪರೀಕ್ಷೆ ಮಾಡಿಸಲೇಬೇಕು.

ಇದೆ ಎಂದು ಗೊತ್ತಾದರೆ ಜನ್ಮಪೂರ್ತಿ ಪಥ್ಯ. ಪಾಕೀಟಿನ ಮೇಲೆ ಗ್ಲುಟೆನ್ ಫ್ರೀ ಎಂದು ಬರೆಯಲು ಕಿಲೋದಲ್ಲಿ 20 ಮಿಲಿಗ್ರಾಂ ಮೀರಬಾರದು ಎನ್ನುತ್ತದೆ ನಮ್ಮ ದೇಶದ ಆಹಾರ ಕಾನೂನು. ಓಣಿಯ ಗಿರಣಿಯಲ್ಲಿ ಗೋಧಿ ಬೀಸಿದ ಕಲ್ಲಿಗೇ ಜೋಳ ಸುರಿದರೆ ಆ ಲೆಕ್ಕ ಅಲ್ಲೇ ಮುಗಿಯಿತು. ನಮ್ಮ ಹೆಣ್ಣುಮಕ್ಕಳು ಗಿರಣಿಯವನಿಗೆ “ಖಾರಪುಡಿ ಮ್ಯಾಲೆ ನಮ್ಮ ಜ್ವಾಳ ಹಾಕಬ್ಯಾಡೋ” ಎಂದು ಜಗಳಾಡುತ್ತಾರೆ. “ಗೋಧಿ ಮ್ಯಾಲೆ ಹಾಕಬ್ಯಾಡ” ಎಂದು ಬೇಡಿಕೊಳ್ಳುವ ತಾಯಿಯ ಕಡೆ ಮಾತ್ರ ಎಲ್ಲರೂ ಹುಚ್ಚಿಯನ್ನು ನೋಡಿದಂತೆ ನೋಡುತ್ತಾರೆ. ಅಂಥ ಮಗುವನ್ನು ಜಾತ್ರೆಗೆ ಕರೆದೊಯ್ದರೆ ಮಾದಲಿ, ಮದುವೆಗೆ ಹೋದರೆ ಹೋಳಿಗೆ, ಎಲ್ಲ ಕಡೆ ಒಬ್ಬರು ಹಿರಿಯರು ತುತ್ತು ಹಿಡಿದು ನಿಂತಿರುತ್ತಾರೆ: “ಒಂದ ತುತ್ತಿಗೆ ಏನಾಗತೈತಿ ಬಿಡವ್ವ.” ಮೊದಲಾದರೆ ಆ ತಾಯಿ ‘ಕಾಯಿಲೆ ಐತ್ರಿ’ ಎಂದರೆ ಹಿರಿಯರು ಕೈ ಹಿಂದೆ ತೆಗೆಯುವ ಸಾಧ್ಯತೆಯಾದರೂ ಇತ್ತು. ಈಗ ನಮ್ಮಂಥವರು ಠರಾವು ಪಾಸು ಮಾಡಿ, ಹತ್ತು ದಿನ ಬಿಡಿಸಿದಂತೆ ಮಾಡಿ, ಬಿಸ್ಕೀಟು ತಿನ್ನಿಸುತ್ತಲೇ ಇದ್ದು, ಆ ಮಾತಿನ ಕಿಮ್ಮತ್ತನ್ನೇ ಕಳೆದಿದ್ದೇವೆ. “ಇವ್ರದೂ ಅದ ಹೊಸಾ ಫ್ಯಾಶನ್” ಎಂದು ತುತ್ತು ಮಗುವಿನ ಬಾಯಿಗೇ ಹೋಗುತ್ತದೆ. ಕರುಳು ಕೆಡಲು ಅಷ್ಟು ಸಾಕು, ಕೆಟ್ಟದ್ದು ಅಂದೇ ಕಾಣಿಸುವುದೂ ಇಲ್ಲ.

ವರದಿ ಮೂರನೇ ದಿನಕ್ಕೆ ಬಂತು. ಟಿಟಿಜಿ ನೆಗೆಟಿವ್, ಒಟ್ಟು ಐಜಿಎ ಸರಿ. ಹಿಮೋಗ್ಲೋಬಿನ್ 9.2, ಈ ವಯಸ್ಸಿಗೆ 11 ಆದರೂ ಇರಬೇಕು. ದಿನವಿಡೀ ಹಾಲು-ಬಿಸ್ಕೀಟು ತಿಂದ ಹೊಟ್ಟೆಯಲ್ಲಿ ಕಾಳು-ಪಲ್ಯಕ್ಕೆ ಜಾಗ ಉಳಿಯುವುದಿಲ್ಲ, ಹಾಲಿನಲ್ಲಿ ಕಬ್ಬಿಣ ಇಲ್ಲವೆನ್ನುವಷ್ಟು ಕಡಿಮೆ, ಎಂದರು ಡಾಕ್ಟರು. ಕರ್ನಾಟಕದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 65ಕ್ಕೂ ಹೆಚ್ಚು ಮಕ್ಕಳಿಗೆ ರಕ್ತಹೀನತೆ ಇದೆಯೆಂದು 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಅದಕ್ಕಾಗಿ ಯಾವ ಪಡಸಾಲೆಯಲ್ಲೂ ಸಭೆ ಕೂಡಿದ್ದು ನಾನು ಕೇಳಿಲ್ಲ.

ಮನೆಯವರ ವಾಟ್ಸಾಪ್ ಗುಂಪಿಗೆ ವರದಿಯ ಫೋಟೋ ಹಾಕಿದೆವು. ‘ಟಿಟಿಜಿ ನೆಗೆಟಿವ್’ಗೆ ಹದಿನಾಲ್ಕು ಕೈಮುಗಿದ ಚಿತ್ರ ಬಂದವು. ಬೀಗರು, “ನಾ ಮೊದಲ ಹೇಳಿದ್ದೆ, ಖಪ್ಲಿ ತಿನ್ನಿಸ್ರಿ” ಎಂದು ಬರೆದರು. ಪುಣೆಯ ತಮ್ಮ, ಇನ್ನು ಡೇರಿ ಫ್ರೀ ಬಗ್ಗೆ ವಿಚಾರ ಮಾಡಬೇಕು, ರವಿವಾರ ಎಲ್ಲರೂ ಖಾಲಿ ಇದ್ದೀರೇನು ಎಂದು ಕೇಳಿದ. 9.2ರ ಬಗ್ಗೆ ಯಾರೂ ಏನೂ ಬರೆಯಲಿಲ್ಲ. ಕಬ್ಬಿಣದ ಔಷಧದ ಬಾಟಲಿ ಫ್ರಿಜ್ಜಿನ ಮೇಲಿದೆ. ಸಂಜೆ ಕುಡಿಸುವ ಪಾಳಿ ನನ್ನದು.