ಬಾನೆಟ್ ನೋಡಿದವರು, ಬಾನೆಟ್ ಎತ್ತಿದವರು

ದಾವಣಗೆರೆಯ ಪಿ.ಜೆ. ಬಡಾವಣೆಯ ಪೋರ್ಟಿಕೊ ಒಂದರಲ್ಲಿ ತಾಡಪಾಲು ಹೊದ್ದು ನಿಂತ 1985ರ ಕಾಂಟೆಸ್ಸಾ ಕಾರಿನ ಕಾಲ್ಪನಿಕ ಸಂದರ್ಶನ.

ಅಮೆರಿಕದವರು ಎಂಬತ್ತರ ದಶಕದ ಎಲ್ಡೊರಾಡೊ, ಥಂಡರ್‌ಬರ್ಡ್‌ಗಳನ್ನು ಇವತ್ತಿಗೂ ಒರೆಸಿ ಇಟ್ಟುಕೊಂಡಿದ್ದಾರೆ. ಆ ಪಂಕ್ತಿಯಲ್ಲಿ ನಿಮಗೂ ಎಲೆ ಹಾಕಬೇಕೆ?

ಹಾಕಲೇಬೇಕು, ನಾನು ಅವರ ದಾಯಾದಿ. ನನ್ನ ಮೈಕಟ್ಟು ಇಂಗ್ಲೆಂಡಿನ ವಾಕ್ಸ್‌ಹಾಲ್ ಕಂಪನಿಯದು. ಎಲ್ಡೊರಾಡೊ ತಯಾರಿಸಿದ ಕ್ಯಾಡಿಲಾಕ್‌ನಂತೆ ಅದೂ ಆಗ ಜನರಲ್ ಮೋಟರ್ಸ್ ಮನೆಯ ಕೂಸು. ಅವರು 1978ರಲ್ಲಿ ಕೈಬಿಟ್ಟ ಮಾದರಿಯನ್ನು ಹಿಂದುಸ್ತಾನ್ ಮೋಟರ್ಸ್ 1984ರಲ್ಲಿ ಹೊಸ ಐಷಾರಾಮವೆಂದು ತಂದಿತು. ಒಳಗಿಟ್ಟದ್ದು ಅಂಬಾಸಿಡರ್‌ನ 1,489 ಸಿಸಿ ಎಂಜಿನ್, ಸುಮಾರು 50 ಅಶ್ವಶಕ್ತಿ. ಹರಿಹರೇಶ್ವರನ ಹಾಗೆ ಅರ್ಧ ಒಬ್ಬ, ಅರ್ಧ ಇನ್ನೊಬ್ಬ. ಅಲ್ಲಿ ಮಾತ್ರ ಎರಡೂ ಅರ್ಧ ದೇವರು. ನಗಬೇಡಿ, ಅಮೆರಿಕದವರ ಕಥೆಯೂ ಇದೇ. 1973 ಮತ್ತು 1979ರ ತೈಲ ಬಿಕ್ಕಟ್ಟು, ಹೊಗೆಯ ಕಾನೂನು, ಮೈಲೇಜಿನ ಕಾನೂನು ಸೇರಿ ಅವರ ಎಂಜಿನ್‌ಗಳನ್ನು ಸೊರಗಿಸಿದವು. 1970ರ ಎಲ್ಡೊರಾಡೊಗೆ 8.2 ಲೀಟರ್, 400 ಅಶ್ವಶಕ್ತಿ, 1982ರದ್ದಕ್ಕೆ 4.1 ಲೀಟರ್, 125. ನಡುವೆ ಅಶ್ವಶಕ್ತಿ ಅಳೆಯುವ ಕ್ರಮವೇ ಬದಲಾಯಿತು ಎಂದಿಟ್ಟುಕೊಂಡರೂ ಇಳಿತ ಸಣ್ಣದಲ್ಲ. ಮೆತ್ತನೆಯ ಸೀಟು, ವಿನೈಲ್ ಹೊದಿಕೆಯ ಛಾವಣಿ, ಉದ್ದನೆಯ ಮೂತಿ ಮಾತ್ರ ಹಾಗೇ ಉಳಿದವು. ಇವತ್ತು ಆ ಕಾರುಗಳನ್ನು ಮುದ್ದಿಸುವವರು ಓಟವನ್ನಲ್ಲ, ಠೀವಿಯನ್ನು ನೆನೆಯುತ್ತಿದ್ದಾರೆ ಎಂಬುದು ನನ್ನ ವಾದ.

ದಾವಣಗೆರೆಯ ದಲಾಲಿ ಅಂಗಡಿಯ ಸಾಹುಕಾರರು ಇದನ್ನು ಒಪ್ಪಿಯಾರು. ಹರಿಹರದ ಮಿಸ್ತ್ರಿಗಳು?

ಅವರು ಒಪ್ಪಲಿಲ್ಲ. 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್‌ನಲ್ಲಿ ಲೇತು ಮಾಡಿ ಪಳಗಿದ ಊರದು, ಅಳತೆಯಲ್ಲಿ ಕೂದಲೆಳೆ ತಪ್ಪಿದರೂ ಸಹಿಸದು. ದಾವಣಗೆರೆ ನನ್ನ ಬಾನೆಟ್ ನೋಡಿತು. ಹರಿಹರ ಬಾನೆಟ್ ಎತ್ತಿ ನೋಡಿ, ‘ಇದು ನಮ್ಮ ಅಂಬಾಸಿಡರೇ ಅಲ್ವೇನ್ರೀ’ ಅಂದಿತು. ತಕರಾರು ನ್ಯಾಯವಾದದ್ದೇ. ಆದರೆ ಲೇತನ್ನು ಕೊಳ್ಳುವುದು ಕೆಲಸಕ್ಕೆ, ನನ್ನಂಥವರನ್ನು ಕೊಳ್ಳುವುದು ನಾಲ್ಕು ಜನ ನೋಡಲಿ ಅಂತ. ಅದೇ ಮಿಸ್ತ್ರಿ ಮಗನ ಮದುವೆ ಬಂದಾಗ ಮೆರವಣಿಗೆಗೆ ಹುಡುಕುವುದು ಯಾವ ಕಾರನ್ನು? ಬ್ಯಾಂಡಿನವರ ಹಿಂದೆ ಹೆಜ್ಜೆ ಹಾಕುವುದಕ್ಕೆ 50 ಅಶ್ವಶಕ್ತಿ ಧಾರಾಳವಾಯಿತು.

ಠೀವಿಯೇ ಸಾಕಾಗಿದ್ದರೆ ಇಸುಜು ಎಂಜಿನ್ ಏಕೆ ಬೇಕಾಯಿತು? ಅದು ಬಂದ ಮೇಲೂ 2002ರಲ್ಲಿ ನಿಮ್ಮ ತಯಾರಿಕೆ ನಿಂತದ್ದೇಕೆ?

ಒಳ್ಳೆಯ ಏಟು. 1.8 ಲೀಟರ್ ಇಸುಜು, ಐದು ಗೇರು ಬಂದಮೇಲೆ ನನ್ನ ತಮ್ಮಂದಿರು ಪಿ.ಬಿ. ರಸ್ತೆಯಲ್ಲಿ ನಿಜಕ್ಕೂ ಓಡಿದರು. ಆದರೂ ಎಸ್ಟೀಮ್, ಸಿಯೆಲೊ ಕಾರುಗಳು ಬಂದಾಗ ಗಿರಾಕಿಗಳು ಅತ್ತ ವಾಲಿದರು. ಅಂದರೆ ಕೊಳ್ಳುವಾಗ ಎಂಜಿನ್, ಮೈಲೇಜು, ಬಿಡಿಭಾಗ ಎಲ್ಲ ಲೆಕ್ಕಕ್ಕೆ ಬರುತ್ತವೆ. ನಾನು ಹೇಳಿದ್ದು ಕೊಳ್ಳುವವರ ಮಾತಲ್ಲ, ನೆನೆಯುವವರದ್ದು. ನೆನೆಯುವುದಕ್ಕೆ ಪೆಟ್ರೋಲ್ ಬೇಡ. ‘ಎಂಥಾ ಗಾಡಿ ಇತ್ತು ಮಾರಾಯಾ’ ಎನ್ನುವವರಲ್ಲಿ ಹೆಚ್ಚಿನವರು ನನ್ನ ಕ್ಲಚ್ಚನ್ನೇ ತುಳಿದವರಲ್ಲ.

ಒಂದು ಕೊರತೆ ಉಳಿಯಿತು. ಆ ಅಮೆರಿಕದ ಕಾರುಗಳದು ಎರಡೇ ಬಾಗಿಲಿನ ಶೋಕಿ, ನಿಮಗೆ ನಾಲ್ಕು.

ಅದನ್ನು ಕೊರತೆ ಅನ್ನುತ್ತೀರಾ? ರೇಷ್ಮೆ ಸೀರೆಯುಟ್ಟ ಬೀಗಿತ್ತಿಯನ್ನು ಛತ್ರದ ಮುಂದೆ, ಮುಂದಿನ ಸೀಟು ಮಡಚಿ ಹಿಂದಕ್ಕೆ ತೂರಿಸಿ ನೋಡಿ. ಸಂಬಂಧ ಅಲ್ಲೇ ಮುರಿದೀತು.